ಮೂಗಿನ ಬದಿಯ ಕರಿ ಗುಳ್ಳೆಗೆ ಮಂಗಳೂರೋ ತಲಶ್ಶೇರಿಯೋ: ಚರ್ಮದ ಕ್ಯಾನ್ಸರ್ ಕೊಯ್ಯಿಸಬೇಕಾದವರಿಗೆ

ದೊಡ್ಡಪ್ಪನ ಮೂಗಿನ ಬಲ ಹೊಳ್ಳೆಯ ಬದಿಯಲ್ಲಿ ಮೆಂತೆಕಾಳಿನಷ್ಟು ಕರಿಯ ಗುಳ್ಳೆಯೊಂದು ಎದ್ದು ನಾಲ್ಕು ವರ್ಷವಾಗಿತ್ತು. ನೋವಿಲ್ಲ, ತುರಿಕೆಯಿಲ್ಲ. ಬೈರಾಸಿನಿಂದ ಮುಖ ಒರೆಸಿಕೊಂಡಾಗ ಒಂದು ಹನಿ ರಕ್ತ ಬರುತ್ತಿತ್ತು, ಹಕ್ಕಳೆ ಕಟ್ಟುತ್ತಿತ್ತು, ಹಕ್ಕಳೆ ಉದುರಿದರೆ ಮತ್ತೆ ರಕ್ತ. ನರೂಲಿ ಎಂದು ಯಾರೋ ಸುಣ್ಣ ಹಚ್ಚಿಸಿದರು. ಇನ್ನೊಂದು ಕಡೆ ಕರೆಂಟಿನ ಸೂಜಿಯಲ್ಲಿ ಸುಟ್ಟು ಕಳಿಸಿದರು. ಸುಡುವ ಮೊದಲು ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕೆಂದು ಅಲ್ಲಿ ಯಾರಿಗೂ ತೋಚಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಅದೇ ಜಾಗದಲ್ಲಿ, ಈ ಸಲ ಕಡಲೆಕಾಳಿನಷ್ಟು ದೊಡ್ಡದಾಗಿ, ನಡುವೆ ಕುಳಿ ಬಿದ್ದು, ಅಂಚು ಮುತ್ತಿನಂತೆ ಹೊಳೆಯುತ್ತ ಮರಳಿ ಬಂತು.

ಆಮೇಲೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ನಡೆದದ್ದು ಗಡಿನಾಡಿನ ಎಲ್ಲ ಮನೆಗಳಿಗೂ ಗೊತ್ತಿರುವ ವಾದ. ದೊಡ್ಡಮ್ಮನ ತಮ್ಮನಿಗೆ ಮಂಗಳೂರು ಬಿಟ್ಟರೆ ಬೇರೆ ಲೋಕವಿಲ್ಲ. ಅಣ್ಣ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಎಂದ. ಇಷ್ಟು ಸಣ್ಣದಕ್ಕೆ ಯಾಕೆ ಊರೂರು ಸುತ್ತುವುದು, ಇಲ್ಲೇ ಯಾರಾದರೂ ಕೆರೆದು ತೆಗೆಯಲಿ ಎಂದರು ದೊಡ್ಡಪ್ಪ. ಶಾಲೆಗೆ ರಜೆ ಇದ್ದದ್ದು ನನಗೆ ಮಾತ್ರವಾದ್ದರಿಂದ, ಕೇರಳದ ಆಸ್ಪತ್ರೆಗಳ ಭಾಷೆಯಲ್ಲಿ ಹೇಳುವುದಾದರೆ, ನಾನೇ ಬೈಸ್ಟಾಂಡರ್, ಅಂದರೆ ರೋಗಿಯ ಜೊತೆಗಿರುವವಳು, ಆದೆ.

ನಾನು ವೈದ್ಯೆಯಲ್ಲ. ಒ.ಪಿ. ಚೀಟಿ ಹಿಡಿದು ಬೆಂಚುಗಳ ಮೇಲೆ ಕುಳಿತು, ವೈದ್ಯರನ್ನು ಪೀಡಿಸಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ಜಗಲಿಯ ವಾದದಲ್ಲಿ ನಾವೆಲ್ಲರೂ ಊರಿನಿಂದ ಶುರುಮಾಡಿದ್ದೇ ತಪ್ಪಾಗಿತ್ತು. ಗುಳ್ಳೆಯ ಜಾತಿ ಯಾವುದು, ಅದು ಮೈಯ ಯಾವ ಜಾಗದಲ್ಲಿದೆ, ಕೊಯ್ದ ತುಂಡಿನ ಅಂಚನ್ನು ಯಾರು ಯಾವಾಗ ನೋಡುತ್ತಾರೆ ಎಂಬ ಮೂರಕ್ಕೆ ಉತ್ತರ ಸಿಕ್ಕರೆ, ಯಾವ ಊರಿಗೆ ಹೋಗಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ಮೊದಲು ತುಣುಕು ಪರೀಕ್ಷೆ

ಬಯಾಪ್ಸಿ ಎಂದ ಕೂಡಲೇ ದೊಡ್ಡಪ್ಪ ಎದ್ದು ನಿಂತರು. ಕತ್ತಿ ತಾಗಿದರೆ ಕ್ಯಾನ್ಸರ್ ಕೆರಳಿ ಮೈಯೆಲ್ಲ ಹರಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯೆಂದರೆ, ಅದಕ್ಕೆ ಹೆದರಿ ಎರಡು ವರ್ಷ ಸುಮ್ಮನಿದ್ದವರನ್ನು ನಾನೇ ಬಲ್ಲೆ. ಚರ್ಮದ ಕ್ಯಾನ್ಸರಿನಲ್ಲಿ ತುಣುಕು ತೆಗೆದದ್ದರಿಂದ ರೋಗ ಹರಡುವುದಿಲ್ಲ. ತೆಗೆಯದೆ ಕಳೆದ ಎರಡು ವರ್ಷದಲ್ಲಿ ಅದು ತಾನಾಗಿ ಬೆಳೆಯುತ್ತದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೂರು ನಾಲ್ಕು ಮಿಲಿಮೀಟರ್ ಬಾಯಿಯ ಕೊಳವೆಯಂಥ ಸಾಧನದಿಂದ ಒಂದು ತುಣುಕು ಕೊರೆದು ತೆಗೆಯುತ್ತಾರೆ. ಒಂದೋ ಎರಡೋ ಹೊಲಿಗೆ. ವರದಿಗೆ ವಾರ, ಹತ್ತು ದಿನ.

ವರದಿಯಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಹೆಸರಿರುತ್ತದೆ. ಬೇಸಲ್ ಸೆಲ್ ಕಾರ್ಸಿನೋಮಾ ನಿಧಾನದ್ದು. ಬೇರೆ ಅಂಗಕ್ಕೆ ಹರಡುವುದು ಬಹಳ ಅಪರೂಪ, ಆದರೆ ಇದ್ದ ಜಾಗದಲ್ಲೇ ಗೆದ್ದಲು ಹಿಡಿದಂತೆ ಆಳಕ್ಕೆ ತಿನ್ನುತ್ತ ಹೋಗುತ್ತದೆ. ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಅದಕ್ಕಿಂತ ಜೋರಿನದು. ಹತ್ತಿರದ ಗಂಟುಗಳಿಗೆ, ಅಂದರೆ ಕುತ್ತಿಗೆ, ಕಂಕುಳು, ತೊಡೆಸಂದಿನ ದುಗ್ಧಗ್ರಂಥಿಗಳಿಗೆ ಹೋಗಬಹುದು. ಮೆಲನೋಮಾ ನಮ್ಮಲ್ಲಿ ವಿರಳ, ಮೂರರಲ್ಲಿ ಅಪಾಯ ಹೆಚ್ಚಿನದು.

ಬಿಳಿ ಚರ್ಮದವರ ದೇಶದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ನಮ್ಮ ಮೈಗೆ ಹೋಲಿಸಿಕೊಳ್ಳಬೇಡಿ. ಅವರಲ್ಲಿ ಗುಲಾಬಿ ಬಣ್ಣದಲ್ಲಿರುವ ಬೇಸಲ್ ಸೆಲ್ ಗುಳ್ಳೆ ನಮ್ಮಲ್ಲಿ ಅನೇಕ ಸಲ ಕಪ್ಪಾಗಿರುತ್ತದೆ, ಹಾಗಾಗಿ ಮಚ್ಚೆಯೆಂದೇ ದಾಟಿಹೋಗುತ್ತದೆ. ಸ್ಕ್ವೇಮಸ್ ಬಗೆಯದು ನಮ್ಮವರಲ್ಲಿ ಹಲವು ಸಲ ಹಳೆಯ ಸುಟ್ಟ ಕಲೆಯ ಮೇಲೆ, ವರ್ಷಗಟ್ಟಲೆ ಮಾಯದ ಹುಣ್ಣಿನ ಮೇಲೆ ಏಳುತ್ತದೆ. ಚಿಕ್ಕಂದಿನಲ್ಲಿ ಬಚ್ಚಲೊಲೆಯ ಕೆಂಡಕ್ಕೆ ಬಿದ್ದು ಸುಟ್ಟ ಕಾಲು, ನಲುವತ್ತು ವರ್ಷದ ಮೇಲೆ ಅದೇ ಕಲೆ ಒಡೆದು ಹುಣ್ಣಾಗಿ ವಾಸಿಯಾಗದೆ ಉಳಿದರೆ ಮುಲಾಮು ಬದಲಿಸುತ್ತ ಕೂರಬಾರದು. ಮಾರ್ಜೋಲಿನ್ ಹುಣ್ಣು ಎಂದು ಚೀಟಿಯಲ್ಲಿ ಬರೆದರೆ ಅದು ಇದೇ. ಸೊಂಟದಲ್ಲಿ ಸೀರೆ, ಪಂಚೆ ಬಿಗಿದು ಕಟ್ಟಿ ಕಟ್ಟಿ ಕಪ್ಪುಗಟ್ಟಿದ ಪಟ್ಟಿಯ ಮೇಲೂ ಅಪರೂಪಕ್ಕೆ ಈ ಬಗೆಯದು ಬಂದದ್ದನ್ನು ಭಾರತದ ವೈದ್ಯರು ಬರೆದಿದ್ದಾರೆ. ಮೆಲನೋಮಾ ನಮ್ಮಂಥವರಲ್ಲಿ ಅಂಗಾಲು, ಅಂಗೈ, ಉಗುರಿನ ಅಡಿಯನ್ನು ಆರಿಸಿಕೊಳ್ಳುತ್ತದೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲ್ಬೆರಳಿನ ಉಗುರಿನ ಅಡಿಯ ಮೆಲನೋಮಾ, 1981ರಲ್ಲಿ ತೀರಿಕೊಂಡರು. ಬರಿಗಾಲಲ್ಲಿ ತೋಟ ಸುತ್ತುವ ನಮ್ಮವರು ಅಂಗಾಲಿನ ಕಪ್ಪನ್ನು ಮುಳ್ಳು ಚುಚ್ಚಿ ಹೆಪ್ಪುಗಟ್ಟಿದ ರಕ್ತವೆಂದು ತಳ್ಳಿಹಾಕುವುದು ಎಷ್ಟು ಸುಲಭವೆಂದು ಯೋಚಿಸಿ.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ಮುಂದೆ ಬರುವ ಆಯ್ಕೆಗಳೆಲ್ಲ ಬೇಸಲ್ ಸೆಲ್‌ಗೆ ಧಾರಾಳ, ಸ್ಕ್ವೇಮಸ್‌ಗೆ ಕಡಿಮೆ, ಮೆಲನೋಮಾಗೆ ಸರಿಸುಮಾರು ಒಂದೇ.

ಕೊಯ್ಯುವುದರಲ್ಲೂ ಬಗೆಗಳು

ಎಲ್ಲ ಕಡೆ ಸಿಗುವುದು ಸಾಮಾನ್ಯ ಶಸ್ತ್ರಕ್ರಿಯೆ: ಗುಳ್ಳೆಯನ್ನೂ ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ಕೊಯ್ದು, ಹೊಲಿದು, ತುಂಡನ್ನು ಪೆಥಾಲಜಿಗೆ, ಅಂದರೆ ಅದನ್ನು ಪರೀಕ್ಷಿಸುವ ವಿಭಾಗಕ್ಕೆ, ಕಳಿಸುವುದು. ಎರಡು ಸೆಂಟಿಮೀಟರಿಗಿಂತ ಚಿಕ್ಕ, ಅಪಾಯ ಕಡಿಮೆಯ ಬೇಸಲ್ ಸೆಲ್‌ಗೆ ಸುತ್ತ 4 ಮಿಲಿಮೀಟರ್, ಸ್ಕ್ವೇಮಸ್‌ಗೆ 4ರಿಂದ 6 ಎಂಬುದು ರೂಢಿಯ ಲೆಕ್ಕ. ಮೆಲನೋಮಾಗೆ ಲೆಕ್ಕ ಬೇರೆ. ಅದು ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಎಂಬ ಅಳತೆಯ ಮೇಲೆ ನಿಂತಿದೆ. ಅದಕ್ಕೆ ಬ್ರೆಸ್ಲೋ ಆಳ ಎನ್ನುತ್ತಾರೆ. ಒಂದು ಮಿಲಿಮೀಟರಿನ ಒಳಗಿದ್ದರೆ ಸುತ್ತ 1 ಸೆಂಟಿಮೀಟರ್, ಎರಡು ಮಿಲಿಮೀಟರ್ ದಾಟಿದರೆ 2 ಸೆಂಟಿಮೀಟರ್.

ಇಲ್ಲಿ ಒಂದು ಸಣ್ಣ ಗಣಿತ ಮಾಡಿಕೊಂಡರೆ ಆಮೇಲೆ ಕನ್ನಡಿ ನೋಡಿ ಬೆಚ್ಚುವುದು ತಪ್ಪುತ್ತದೆ. ಬೆನ್ನಿನ ಮೇಲೆ ಒಂದು ಸೆಂಟಿಮೀಟರಿನ ಗುಳ್ಳೆಯಿದೆ ಎನ್ನಿ. ಎರಡೂ ಬದಿಗೆ 4 ಮಿಲಿಮೀಟರ್ ಸೇರಿಸಿದರೆ ಅಗಲ 1.8 ಸೆಂಟಿಮೀಟರ್. ಅದನ್ನು ಗುಂಡಗೆ ಕೊಯ್ದು ಎಳೆದು ಹೊಲಿದರೆ ಎರಡು ತುದಿಯಲ್ಲಿ ಚರ್ಮ ಕಿವಿಯಂತೆ ಎದ್ದು ನಿಲ್ಲುತ್ತದೆ. ಹಾಗಾಗದಿರಲು ಕಣ್ಣಿನ ಆಕಾರದಲ್ಲಿ, ಅಗಲದ ಮೂರು ಪಾಲು ಉದ್ದಕ್ಕೆ ಕೊಯ್ಯುತ್ತಾರೆ. ಹೊಲಿಗೆಯ ಗೆರೆ ಐದು ಸೆಂಟಿಮೀಟರ್ ದಾಟುತ್ತದೆ. ‘ಇಷ್ಟು ಚಿಕ್ಕದಕ್ಕೆ ಇಷ್ಟುದ್ದ ಹರಿದುಬಿಟ್ಟರು’ ಎಂದು ವಾರ್ಡಿನಲ್ಲಿ ಗೊಣಗುತ್ತಿದ್ದ ಹಿರಿಯರೊಬ್ಬರಿಗೆ ನಾನೇ ಈ ಲೆಕ್ಕ ಹೇಳಿಕೊಟ್ಟೆ. ಮೇಷ್ಟರ ಬುದ್ಧಿ ಎಲ್ಲಿ ಹೋದರೂ ಬಿಡುವುದಿಲ್ಲ.

ಸಾಮಾನ್ಯ ಶಸ್ತ್ರಕ್ರಿಯೆಯ ದೌರ್ಬಲ್ಯ ಇರುವುದು ಕೊಯ್ಯುವುದರಲ್ಲಿ ಅಲ್ಲ, ಅಂಚು ನೋಡುವುದರಲ್ಲಿ. ನೇಂದ್ರ ಬಾಳೆಕಾಯಿಯನ್ನು ಚಿಪ್ಸಿಗೆ ಹೆಚ್ಚಿದಂತೆ ತುಂಡನ್ನು ಅಡ್ಡಡ್ಡ ಹೆಚ್ಚಿ, ಅದರಲ್ಲಿ ಕೆಲವು ಬಿಲ್ಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎರಡು ಬಿಲ್ಲೆಗಳ ನಡುವಿನ ಸಿಪ್ಪೆಯಲ್ಲಿ ರೋಗದ ಬೇರೊಂದು ಉಳಿದಿದ್ದರೆ ಕಣ್ಣಿಗೆ ಬೀಳದು. ಹೀಗೆ ನೋಡಿದಾಗ ಒಟ್ಟು ಅಂಚಿನಲ್ಲಿ ಪರೀಕ್ಷೆಗೆ ಸಿಗುವುದು ನೂರರಲ್ಲಿ ಒಂದು ಪಾಲಿನಷ್ಟು. ಬೆನ್ನು, ತೋಳು, ಹೊಟ್ಟೆಯ ಮೇಲೆ ಇದು ಚಿಂತೆಯ ವಿಷಯವೇ ಅಲ್ಲ. ಅಲ್ಲಿ ಗುಳ್ಳೆಗಳು ಸೌಮ್ಯ, ಧಾರಾಳವಾಗಿ ಕೊಯ್ಯಲು ಚರ್ಮವೂ ಉಂಟು. ಮೂಗು, ರೆಪ್ಪೆ, ತುಟಿ, ಕಿವಿಯಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆ. ಅಲ್ಲಿ ರೋಗ ಬೇರು ಬಿಡುವ ರೀತಿಯೂ ಮೋಸದ್ದು.

ಮೋಸ್ ವಿಧಾನ ಹುಟ್ಟಿದ್ದು ಇದಕ್ಕಾಗಿ. (ಹೆಸರು ಕೇಳಿ ದೊಡ್ಡಪ್ಪ ನಕ್ಕರು. ಅಮೆರಿಕದ ವಿಸ್ಕಾನ್ಸಿನ್‌ನ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ಶುರುಮಾಡಿದ ಕ್ರಮ. ಹೆಸರಿನಲ್ಲಿ ಮಾತ್ರ ಮೋಸ.) ಇದರಲ್ಲಿ ತೆಳುವಾದ ತಟ್ಟೆಯಂತೆ ಒಂದು ಪದರ ಕೊಯ್ದು, ಬಾಳೆಕಾಯಿಯ ಸಿಪ್ಪೆ ಸುಲಿದು ನೆಲದ ಮೇಲೆ ಚಪ್ಪಟೆಯಾಗಿ ಹರಡಿದಂತೆ ಅಂಚನ್ನೂ ತಳವನ್ನೂ ಒಂದೇ ಮಟ್ಟಕ್ಕೆ ತಂದು, ಅಲ್ಲೇ ಹೆಪ್ಪುಗಟ್ಟಿಸಿ ಪೂರ್ತಿ ನೋಡುತ್ತಾರೆ. ರೋಗ ಉಳಿದದ್ದು ಗಡಿಯಾರದ ಮೂರು ಗಂಟೆಯ ದಿಕ್ಕಿನಲ್ಲಿ ಎಂದು ಕಂಡರೆ ಅಲ್ಲಿ ಮಾತ್ರ ಇನ್ನೊಂದು ಪದರ. ನೀವು ಪಟ್ಟಿ ಕಟ್ಟಿಕೊಂಡು ಹೊರಗೆ ಕಾಯುತ್ತೀರಿ. ಒಂದೊಂದು ಸುತ್ತಿಗೆ ಗಂಟೆಯೋ ಅದಕ್ಕಿಂತ ತುಸು ಹೆಚ್ಚೋ. ಬಹುಪಾಲು ಜನರಿಗೆ ಒಂದರಿಂದ ಮೂರು ಸುತ್ತಿನಲ್ಲಿ ಮುಗಿಯುತ್ತದೆ. ಮುಖದ ಬೇಸಲ್ ಸೆಲ್ ಇದ್ದವರನ್ನು ಹತ್ತು ವರ್ಷ ಹಿಂಬಾಲಿಸಿದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ, ಮೊದಲ ಸಲದ ಗುಳ್ಳೆಗಳಲ್ಲಿ ಸಾಮಾನ್ಯ ಶಸ್ತ್ರಕ್ರಿಯೆಯ ನಂತರ ಮರಳಿ ಬಂದದ್ದು ಶೇಕಡಾ 12.2, ಮೋಸ್ ನಂತರ 4.4. ಅಂತರ ಸಣ್ಣದಲ್ಲ, ಹಾಗೆಂದು ಸಾಮಾನ್ಯ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಕೆಟ್ಟರು ಎಂದೂ ಅಲ್ಲ; ಅವರಲ್ಲೂ ನೂರಕ್ಕೆ ಎಂಬತ್ತೇಳು ಮಂದಿಗೆ ಅದು ಮರಳಲಿಲ್ಲ.

ತೊಡಕೆಂದರೆ ಮೋಸ್ ತರಬೇತಿ ಪಡೆದವರು ಭಾರತದಲ್ಲೇ ಬೆರಳೆಣಿಕೆಯಷ್ಟು. ಬದಿಯಡ್ಕದಿಂದ ಹೊರಟವರಿಗೆ ಅದು ಕೈಗೆಟುಕುವ ಮಾತಲ್ಲ. ಹಾಗಾದರೆ ನಮಗೆ ಉಳಿದದ್ದೇನು? ಎರಡು ನಡುದಾರಿಗಳಿವೆ, ಜಗಲಿಯ ವಾದದಲ್ಲಿ ಯಾರಿಗೂ ಇವುಗಳ ಹೆಸರೇ ಗೊತ್ತಿರಲಿಲ್ಲ. ಒಂದು, ಫ್ರೋಜನ್ ಸೆಕ್ಷನ್: ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ತುಂಡಿನ ಅಂಚುಗಳನ್ನು ಪೆಥಾಲಜಿಗೆ ಓಡಿಸಿ, ಹೆಪ್ಪುಗಟ್ಟಿಸಿ ನೋಡಿ, ಥಿಯೇಟರಿಗೆ ಫೋನಿನಲ್ಲಿ ತಿಳಿಸುತ್ತಾರೆ. ಮೋಸ್‌ನಷ್ಟು ಪೂರ್ತಿಯಾಗಿ ಅಂಚು ಕಾಣದಿದ್ದರೂ, ಹೊಲಿದ ಮೇಲೆ ಎರಡು ವಾರ ಕಾದು ‘ಉಳಿದಿದೆ’ ಎಂದು ಕೇಳುವುದಕ್ಕಿಂತ ಮೇಲು. ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಕರ್ಯ ಇರುತ್ತದೆ. ಪೆಥಾಲಜಿಯವರು ಅದೇ ಕಟ್ಟಡದಲ್ಲಿ ಇದ್ದಾರೆಯೇ ಎಂದು ಕೇಳಿದರೆ ಸಾಕು. ಇನ್ನೊಂದು, ಕೊಯ್ದ ಮೇಲೆ ಹೊಲಿಯದೆ ಡ್ರೆಸ್ಸಿಂಗ್ ಮಾಡಿ ಕಳಿಸಿ, ವರದಿ ಬಂದು ಅಂಚು ಚೊಕ್ಕವೆಂದು ಗೊತ್ತಾದ ಮೇಲೆ ಮುಚ್ಚುವುದು. ತೆರೆದ ಗಾಯದೊಂದಿಗೆ ಕೆಲವು ದಿನ ಕಳೆಯುವುದು ಹಿಂಸೆ, ಆದರೆ ಕೆನ್ನೆಯ ಚರ್ಮವನ್ನೆಲ್ಲ ತಿರುಗಿಸಿ ಹೊಲಿದ ಮೇಲೆ ಅಡಿಯಲ್ಲಿ ರೋಗ ಉಳಿದಿದೆ ಎಂದು ತಿಳಿಯುವುದು ಇನ್ನೂ ದೊಡ್ಡ ಹಿಂಸೆ.

ದೊಡ್ಡಪ್ಪನದು ಮೂಗಿನ ಮೇಲೆ, ಅದೂ ಒಮ್ಮೆ ಸುಟ್ಟು ಮರಳಿ ಬಂದದ್ದು. ಎರಡೂ ಸೇರಿ ಅದು ಅಪಾಯ ಹೆಚ್ಚಿನ ಗುಂಪಿಗೆ ಹೋಯಿತು. ಫ್ರೋಜನ್ ಸೆಕ್ಷನ್ ಇರುವ ಆಸ್ಪತ್ರೆಯನ್ನೇ ಹುಡುಕಿದೆವು. ಇದೇ ಗುಳ್ಳೆ ಅವರ ಭುಜದ ಮೇಲಿದ್ದರೆ, ಮೊದಲ ಸಲದ್ದಾಗಿದ್ದರೆ, ಅವರ ಮಾತೇ ಸರಿಯಿತ್ತು: ಬಯಾಪ್ಸಿ ಆದ ಮೇಲೆ ಹತ್ತಿರದ ಸರ್ಜನ್ ಬಳಿ ಅರ್ಧ ಗಂಟೆಯ ಕೆಲಸ.

ಕೊಯ್ಯದ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆರೆದು ಸುಡುವುದು ಮೈ, ಕೈಯ ಮೇಲಿನ ಸಣ್ಣ ಬೇಸಲ್ ಸೆಲ್‌ಗೆ ಒಪ್ಪುವ ಕ್ರಮವೇ, ಆದರೆ ನೋಡಲು ಅಂಚೇ ಸಿಗುವುದಿಲ್ಲ. ಮುಖದ ಮೇಲೆ ಬೇಡ, ಬಯಾಪ್ಸಿ ಇಲ್ಲದೆ ಎಲ್ಲಿಯೂ ಬೇಡ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು ನಮ್ಮ ಬಣ್ಣದ ಚರ್ಮದಲ್ಲಿ ಬಿಳಿ ಕಲೆ ಉಳಿಸುತ್ತದೆ. ತೊನ್ನೆಂದು ಜನ ಕೇಳುವ ಪ್ರಶ್ನೆಗೆ ಆಯುಷ್ಯವಿಡೀ ಉತ್ತರ ಹೇಳಬೇಕು. ಇಮಿಕ್ವಿಮಾಡ್ ಮುಲಾಮು ಮೇಲ್ಪದರದಲ್ಲಷ್ಟೇ ಇರುವ ಬೇಸಲ್ ಸೆಲ್‌ಗೆ, ವಾರಕ್ಕೆ ಐದು ದಿನದಂತೆ ಆರು ವಾರ. ಆ ಆರು ವಾರ ಜಾಗ ಕೆಂಪಾಗಿ ಕಿತ್ತುಹೋಗಿರುತ್ತದೆ, ಅದು ಮದ್ದು ಕೆಲಸ ಮಾಡುವ ಲಕ್ಷಣ. ವಿಕಿರಣ ಚಿಕಿತ್ಸೆಯ ಬಗ್ಗೆ ಮಾತ್ರ ತುಸು ನಿಂತು ಹೇಳಬೇಕು. ಎಂಬತ್ತೈದು ದಾಟಿದವರು, ಹೃದಯ ಬಲಹೀನವಾದವರು, ಕತ್ತಿಗೆ ಒಪ್ಪದವರು, ಅಂಥವರಿಗೆ ಅದು ನಿಜವಾದ ಆಯ್ಕೆ. ನೋವಿಲ್ಲ. ಆದರೆ ಅನೇಕ ಸಲ ಮೂರು ನಾಲ್ಕು ವಾರ, ವಾರಕ್ಕೆ ಐದು ದಿನ ಹೋಗಬೇಕು. ಮುಳ್ಳೇರಿಯದಿಂದ ದಿನಾ ಮಂಗಳೂರಿಗೆ ಹೋಗಿ ಬರುವ ಮುದುಕರಿಗೆ ಅರ್ಧ ಗಂಟೆಯ ಶಸ್ತ್ರಕ್ರಿಯೆಯೇ ಹಗುರವೆನಿಸಬಹುದು. ವಿಕಿರಣ ಬಿದ್ದ ಚರ್ಮ ವರ್ಷಗಳು ಕಳೆದಂತೆ ತೆಳುವಾಗಿ ಬಿಳಿಚುವುದರಿಂದ ಅರುವತ್ತರ ಒಳಗಿನವರಿಗೆ ಇದನ್ನು ಮೊದಲ ದಾರಿಯಾಗಿ ಹೇಳುವುದು ಕಡಿಮೆ.

ಗುಂಡಿಯನ್ನು ಮುಚ್ಚುವುದು

ಕೊಯ್ಯುವುದಕ್ಕೆ ಒಪ್ಪಿಗೆ ಸಹಿ ಹಾಕುವಾಗ ಜನ ಕೇಳದೇ ಉಳಿಯುವ ಪ್ರಶ್ನೆ ಇದು. ಮೂಗಿನ ಮೇಲಿನ ರಂಧ್ರ ಮುಚ್ಚುವುದು ಹೇಗೆ? ಎಳೆದು ಹೊಲಿಯಲು ಅಲ್ಲಿ ಚರ್ಮವೇ ಇಲ್ಲ.

ಹೊಲಿಯದೆ ತಾನಾಗಿ ತುಂಬಲು ಬಿಡುವುದೂ ಒಂದು ದಾರಿ ಎಂದು ಕೇಳಿ ನನಗೆ ಆಶ್ಚರ್ಯವಾಗಿತ್ತು. ಕಣ್ಣಿನ ಒಳಮೂಲೆ, ಕಿವಿಯ ಒಳಗಿನ ಬಟ್ಟಲು, ಕಣ್ಣು ಕಿವಿಗಳ ನಡುವಿನ ತಗ್ಗಿನಂಥ ಕುಳಿ ಜಾಗಗಳಲ್ಲಿ ಇದು ಚೆನ್ನಾಗಿಯೇ ಮಾಯುತ್ತದೆ. ನಾಲ್ಕರಿಂದ ಆರು ವಾರ ದಿನವೂ ಡ್ರೆಸ್ಸಿಂಗ್ ಮಾಡುವ ಕೈ ಮನೆಯಲ್ಲಿರಬೇಕು, ಅಷ್ಟೇ.

ಚರ್ಮದ ಕಸಿ ಎಂದರೆ ಬೇರೆ ಜಾಗದ ಚರ್ಮ ತಂದು ಕೂರಿಸುವುದು. ಮಾವಿಗೆ, ಗೇರಿಗೆ ಕಸಿ ಕಟ್ಟಿದವರಿಗೆ ಇದರ ಗುಟ್ಟು ವಿವರಿಸಬೇಕಾಗಿಲ್ಲ: ತಂದ ತುಂಡು ಅಲುಗಾಡಿದರೆ ಹಿಡಿಯುವುದಿಲ್ಲ. ಆದ್ದರಿಂದಲೇ ಮೇಲೆ ಹತ್ತಿಯ ಉಂಡೆಯಿಟ್ಟು ಬಿಗಿದು ಕಟ್ಟಿ ಐದರಿಂದ ಏಳು ದಿನ ಬಿಚ್ಚುವುದಿಲ್ಲ. ಮುಖಕ್ಕಾದರೆ ಕಿವಿಯ ಹಿಂದಿನಿಂದಲೋ ಕೊರಳಿನ ಬುಡದಿಂದಲೋ ಪೂರ್ತಿ ದಪ್ಪದ ಚರ್ಮ ತೆಗೆಯುತ್ತಾರೆ. ಕಾಲಿನ ದೊಡ್ಡ ಗಾಯಕ್ಕಾದರೆ ತೊಡೆಯಿಂದ ತೆಳುವಾದ ಪದರ. ಯಾರೂ ಮೊದಲೇ ಹೇಳದ ಸಂಗತಿಯೆಂದರೆ, ಕಸಿ ಕೂರಿಸಿದ ಜಾಗಕ್ಕಿಂತ ಚರ್ಮ ತೆಗೆದ ತೊಡೆಯೇ ಹೆಚ್ಚು ನೋಯುತ್ತದೆ, ಎರಡು ವಾರ ಉರಿಯುತ್ತದೆ. ಕಸಿಯ ಬಣ್ಣ ಸುತ್ತಲಿನದಕ್ಕೆ ಹೊಂದುವುದೂ ಕಷ್ಟ.

ಫ್ಲಾಪ್ ಎಂದರೆ ಪಕ್ಕದ ಚರ್ಮವನ್ನು ಬುಡದ ರಕ್ತನಾಳ ಕಡಿಯದೆ ಎಬ್ಬಿಸಿ ತಿರುಗಿಸಿ ಹೊಲಿಯುವುದು. ಬಣ್ಣ, ದಪ್ಪ ಎರಡೂ ಹೊಂದುತ್ತವೆ. ಮೂಗಿನ ಮಟ್ಟಿಗೆ ನನ್ನ ಓಟು ಇದಕ್ಕೆ. ಮೂಗಿನ ಬಹುಪಾಲು ಹೋದವರಿಗೆ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸುತ್ತಾರೆ. ಮೂರು ವಾರ ಹುಬ್ಬುಗಳ ನಡುವೆ ಸೊಂಡಿಲಿನಂಥ ಸೇತುವೆ ಇರುತ್ತದೆ, ಎರಡನೇ ಸಲ ಅದನ್ನು ಕತ್ತರಿಸುತ್ತಾರೆ. ನೋಡಿದವರು ಗಾಬರಿಯಾಗುತ್ತಾರೆ, ಆದರೆ ಇದು ನಮ್ಮ ನೆಲದ್ದೇ ವಿದ್ಯೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆಯ ನಾಟಿ ಕಸುಬುದಾರನೊಬ್ಬ ಅವನ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿದ ಕಥೆ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು. ಯುರೋಪಿನ ಸರ್ಜನ್ನರು ಅದನ್ನು ಓದಿ ಕಲಿತರು. ಇದನ್ನು ಹೇಳಿದ ಮೇಲೆ ದೊಡ್ಡಪ್ಪನ ಹೆದರಿಕೆ ಅರ್ಧ ಇಳಿಯಿತು. ಅವರಿಗೆ ಹಣೆಯವರೆಗೆ ಹೋಗಬೇಕಾಗಲಿಲ್ಲ. ಮೂಗು ಮತ್ತು ತುಟಿಯ ನಡುವಿನ ಕೆನ್ನೆಯ ಮಡಿಕೆಯಿಂದಲೇ ಚರ್ಮ ಸಿಕ್ಕಿತು.

ಬೀಡಿ, ಸಿಗರೇಟು ಸೇದುವವರಿಗೆ, ಹೊಗೆಸೊಪ್ಪು ಹಾಕಿ ಎಲೆಯಡಿಕೆ ಜಗಿಯುವವರಿಗೆ ಫ್ಲಾಪ್ ಮತ್ತು ಕಸಿ ಎರಡೂ ಸಾಯುವ ಭಯ ಹೆಚ್ಚು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಬಿಡಲಾಗದವರು ಮೊದಲೇ ಸರ್ಜನ್‌ಗೆ ಹೇಳಿದರೆ ಅವರು ಬೇರೆ ರೀತಿ ಯೋಚಿಸಬಹುದು; ಸುಳ್ಳು ಹೇಳಿದರೆ ಐದನೇ ದಿನ ಚರ್ಮ ಕಪ್ಪಾಗಿ ಹೇಳುತ್ತದೆ.

ಊರಿನ ವಿಷಯ

ಈಗ ಜಗಲಿಯ ವಾದಕ್ಕೆ ಮರಳೋಣ. ಕಾಸರಗೋಡಿನಿಂದ ಮಂಗಳೂರು ಐವತ್ತು ಕಿಲೋಮೀಟರ್ ಆಸುಪಾಸು. ಪ್ಲಾಸ್ಟಿಕ್ ಸರ್ಜನ್, ಕ್ಯಾನ್ಸರ್ ಸರ್ಜನ್, ಪೆಥಾಲಜಿ ಒಂದೇ ಆವರಣದಲ್ಲಿರುವ ವೈದ್ಯಕೀಯ ಕಾಲೇಜುಗಳು ಅಲ್ಲಿವೆ. ಮಾತು ಕನ್ನಡ, ತುಳು, ಬ್ಯಾರಿಯಲ್ಲಿ ನಡೆಯುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಒಪ್ಪಿಗೆ ಪತ್ರ ಅರ್ಥವಾಗುವುದು ಸಣ್ಣ ಸಂಗತಿಯಲ್ಲ. ತಲಶ್ಶೇರಿ ರೈಲಿನಲ್ಲಿ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಬೆಳಗಿನ ಪರಶುರಾಮ ಎಕ್ಸ್‌ಪ್ರೆಸ್ ಹಿಡಿದರೆ ಒ.ಪಿ. ಹೊತ್ತಿಗೆ ಮುಟ್ಟಬಹುದು. ಅದು ಕೇರಳ ಸರಕಾರದ ಅಧೀನದ ಕ್ಯಾನ್ಸರ್ ಕೇಂದ್ರ. ಚೀಟಿ, ಫಲಕಗಳು ಮಲಯಾಳ ಮತ್ತು ಇಂಗ್ಲಿಷಿನಲ್ಲಿ. ನಡುವೆ ಪರಿಯಾರಂನ ಸರಕಾರಿ ವೈದ್ಯಕೀಯ ಕಾಲೇಜು ಇದೆ.

ಹಣದ ಲೆಕ್ಕ ಇದನ್ನು ತಿರುವುಮುರುವು ಮಾಡಬಲ್ಲದು. ನಮ್ಮ ರೇಷನ್ ಕಾರ್ಡು ಕೇರಳದ್ದು. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ಅದೇ ಕಾರ್ಡು ಅದೇ ಶಸ್ತ್ರಕ್ರಿಯೆಗೆ ನಡೆಯುತ್ತದೆಯೇ ಎಂಬುದನ್ನು ಅಲ್ಲಿನ ವಿಮಾ ಕೌಂಟರಿನಲ್ಲಿ ದಾಖಲಾಗುವ ಮೊದಲೇ, ಸಾಧ್ಯವಾದರೆ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ‘ನಡೆಯುತ್ತದೆ, ಬನ್ನಿ’ ಎಂದು ಫೋನಿನಲ್ಲಿ ಕೇಳಿ ಹೊರಟು, ಬಿಡುಗಡೆಯ ದಿನ ಪೂರ್ತಿ ಬಿಲ್ಲು ಕೈಗೆ ಬಂದ ಅನುಭವ ನಮ್ಮದೇ. ಹೊರರೋಗಿಯಾಗಿ ಮಾಡಿ ಕಳಿಸುವ ಸಣ್ಣ ಶಸ್ತ್ರಕ್ರಿಯೆ ವಿಮೆಯೊಳಗೆ ಬರುತ್ತದೆಯೇ ಎಂದೂ ಕೇಳಿ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಯ ಒಬ್ಬರಿಗೆ ಶೇಕಡಾ 75 ರಿಯಾಯಿತಿ ಉಂಟು. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆಯಬೇಕು.

ನಾನು ಹೀಗೆ ಆರಿಸುತ್ತೇನೆ. ಮೆಲನೋಮಾ ಎಂದಾದರೆ ವಾದವೇ ಬೇಡ, ಕ್ಯಾನ್ಸರ್ ಕೇಂದ್ರ. ಆಳ ಒಂದು ಮಿಲಿಮೀಟರ್ ದಾಟಿದರೆ, ರೋಗ ಮೊದಲು ಹೋಗುವ ಗ್ರಂಥಿಯನ್ನು ನೀಲಿ ಬಣ್ಣ ಮತ್ತು ವಿಕಿರಣದ ಜಾಡಿನಿಂದ ಹುಡುಕಿ ತೆಗೆಯುವ ಪರೀಕ್ಷೆಯೂ ಅದೇ ಸಲ ಬೇಕಾಗುತ್ತದೆ. ಮೊದಲೇ ಬೇರೆಲ್ಲೋ ಅಗಲವಾಗಿ ಕೊಯ್ದುಬಿಟ್ಟರೆ ಆ ಜಾಡು ಕೆಡುತ್ತದೆ. (ಮರುದಿನ ಮೂತ್ರ ನೀಲಿ ಹಸಿರಾಗಿ ಹೋದರೆ ಹೆದರಬೇಡಿ, ಅದು ಆ ಬಣ್ಣ.) ಸುಟ್ಟ ಕಲೆಯ ಮೇಲಿನ ದೊಡ್ಡ ಹುಣ್ಣಿಗೂ ಅದೇ ಮಾತು. ಮುಖದ ಬೇಸಲ್ ಸೆಲ್‌ಗೆ ಪ್ಲಾಸ್ಟಿಕ್ ಸರ್ಜನ್ ಮತ್ತು ಫ್ರೋಜನ್ ಸೆಕ್ಷನ್ ಎರಡೂ ಇರುವ ಕಡೆ, ಅದು ಯಾವ ದಿಕ್ಕಿನಲ್ಲಿದ್ದರೂ ಸರಿ. ಮೈ, ಕೈಯ ಸಣ್ಣದಕ್ಕೆ ಹತ್ತಿರದಲ್ಲೇ. ಹೊಲಿಗೆ ಬಿಚ್ಚಲು, ಡ್ರೆಸ್ಸಿಂಗಿಗೆ ನಾಲ್ಕೈದು ಸಲ ಹೋಗಬೇಕೆಂಬುದನ್ನೂ ದೂರದ ಲೆಕ್ಕಕ್ಕೆ ಸೇರಿಸಿ. ಎಲ್ಲಿ ಮಾಡಿಸಿದರೂ ವರದಿಯ ಪ್ರತಿ ನಿಮ್ಮಲ್ಲಿರಲಿ, ಬಯಾಪ್ಸಿಯ ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನು ಕೇಳಿ ಪಡೆಯಿರಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಕಡತವೆಲ್ಲ ಆಚೆ, ರೋಗಿ ಈಚೆ ಎಂಬ ಪಾಡು ಏನೆಂದು ಈ ಜಿಲ್ಲೆ ನೋಡಿದೆ.

ಆ ದಿನ, ಆಮೇಲಿನ ಮೂರು ವಾರ

ಬಹುಪಾಲು ಶಸ್ತ್ರಕ್ರಿಯೆಗಳು ಜಾಗ ಮರಗಟ್ಟಿಸಿ ಎಚ್ಚರವಿರುವಾಗಲೇ ನಡೆಯುತ್ತವೆ. ಮೂಗಿಗೆ ಚುಚ್ಚುವ ಇಂಜೆಕ್ಷನ್ ಕಣ್ಣಲ್ಲಿ ನೀರು ತರಿಸುತ್ತದೆ, ಹತ್ತು ಹದಿನೈದು ಸೆಕೆಂಡು ಉರಿ. ಆಮೇಲೆ ಎಳೆಯುವುದು, ಒತ್ತುವುದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಗೊತ್ತಾದರೆ ಬಾಯಿಬಿಟ್ಟು ಹೇಳಬೇಕು, ಇನ್ನಷ್ಟು ಕೊಡುತ್ತಾರೆ. ಸುಟ್ಟ ವಾಸನೆ ಬಂದರೆ ಅದು ರಕ್ತ ನಿಲ್ಲಿಸುವ ಯಂತ್ರದ್ದು. ದೊಡ್ಡಪ್ಪನಿಗೆ ಮೊದಲ ತುಂಡಿನ ಒಂದು ಬದಿಯಲ್ಲಿ ರೋಗ ಉಳಿದಿದೆ ಎಂದು ಫೋನು ಬಂತು, ಇನ್ನೊಂದು ಪಟ್ಟಿ ಕೊಯ್ದರು. ಕಾಯುವುದೂ ಸೇರಿ ಮೂರು ಗಂಟೆ. ಅಷ್ಟು ಹೊತ್ತೂ ಅವರು ಸಿಸ್ಟರಿಗೆ ಅಡಿಕೆ ಧಾರಣೆ ವಿವರಿಸುತ್ತಿದ್ದರಂತೆ.

ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ಸ್ಟೆಂಟ್ ಹಾಕಿಸಿಕೊಂಡವರು ಇದಕ್ಕಾಗಿ ಆಸ್ಪಿರಿನ್ ಬಿಟ್ಟರೆ ಗಾಯದಲ್ಲಿ ರಕ್ತ ಸುರಿಯುವುದಕ್ಕಿಂತ ದೊಡ್ಡ ಅಪಾಯ ಎದೆಯಲ್ಲಿದೆ. ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ಕೊಟ್ಟು ಕೇಳಿ, ಅವರು ಹೇಳಿದಂತೆ ಮಾಡಿ. ಸಕ್ಕರೆ ಕಾಯಿಲೆಯವರು ಹಿಂದಿನ ವಾರಗಳಲ್ಲೇ ಅದನ್ನು ಹಿಡಿತಕ್ಕೆ ತಂದುಕೊಳ್ಳಬೇಕು.

ಮನೆಗೆ ಬಂದ ಮೇಲೆ ಎರಡನೇ, ಮೂರನೇ ದಿನ ಊತ ಹೆಚ್ಚು. ಮೂಗು, ಹಣೆಯ ಶಸ್ತ್ರಕ್ರಿಯೆಯಾದವರ ಕಣ್ಣ ಸುತ್ತ ನೀಲಿಗಟ್ಟಿ, ಯಾರೋ ಹೊಡೆದಂತೆ ಕಾಣುತ್ತದೆ; ವಾರದಲ್ಲಿ ಇಳಿಯುತ್ತದೆ. ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕು. ರಕ್ತ ಜಿನುಗಿದರೆ ಚೊಕ್ಕ ಬಟ್ಟೆಯಿಂದ ಇಪ್ಪತ್ತು ನಿಮಿಷ ಗಡಿಯಾರ ನೋಡಿಕೊಂಡು ಒತ್ತಿ ಹಿಡಿಯಬೇಕು, ನಡುವೆ ಎತ್ತಿ ಇಣುಕಬಾರದು. ಅದಕ್ಕೂ ನಿಲ್ಲದಿದ್ದರೆ ಆಸ್ಪತ್ರೆ. ಗಾಯವನ್ನು ಗಾಳಿಗೆ ಒಣಗಿಸುವುದು, ಅರಿಶಿನ, ಕಾಫಿಪುಡಿ, ಬೂದಿ ಹಚ್ಚುವುದು ಬೇಡ. ವ್ಯಾಸಲೀನ್ ಹಚ್ಚಿ ತೇವವಾಗಿಟ್ಟ ಗಾಯ ಬೇಗ ಕೂಡುತ್ತದೆ, ಕಲೆಯೂ ಕಡಿಮೆ. ಇದನ್ನು ದೊಡ್ಡಮ್ಮನಿಗೆ ಒಪ್ಪಿಸಲು ಶಸ್ತ್ರಕ್ರಿಯೆಗೆ ಒಪ್ಪಿಸಿದ್ದಕ್ಕಿಂತ ಹೆಚ್ಚು ಕಷ್ಟವಾಯಿತು.

ಹೊಲಿಗೆ ಬಿಚ್ಚುವುದು ಮುಖದಲ್ಲಿ ಐದರಿಂದ ಏಳು ದಿನಕ್ಕೆ, ಬೆನ್ನು ಹಾಗೂ ಕಾಲಿನಲ್ಲಿ ಎರಡು ವಾರದ ಹತ್ತಿರ. ಬಿಚ್ಚಿದ ದಿನ ಗಾಯ ಕೂಡಿತೆಂದು ಕಾಣುತ್ತದೆ, ಆದರೆ ಮೂರನೇ ವಾರದಲ್ಲಿ ಅದರ ಬಲ ಒಳ್ಳೆಯ ಚರ್ಮದ ಐದನೇ ಒಂದು ಪಾಲು ಮಾತ್ರ. ತೋಟದವರಿಗೆ ಇದು ಮುಖ್ಯ. ಕಾಯಿ ತುಂಬಿದ ಗೋಣಿ ಹೊರುವುದು, ದೋಟಿ ಹಿಡಿದು ಕತ್ತು ಎತ್ತಿ ಕೊನೆ ಕೊಯ್ಯುವುದು ಬೇಡ. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ಬಿಡುವ ಕೆಲಸವಿದ್ದರೆ ಶಸ್ತ್ರಕ್ರಿಯೆಯ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಮೈಲುತುತ್ತು, ಸುಣ್ಣದ ಹನಿ ಹಸಿ ಗಾಯಕ್ಕೆ ಬೀಳಬಾರದು. ಬೇಸಲ್ ಸೆಲ್ ಆದರೆ ಕೆಲವು ವಾರ ತಡೆಯಬಹುದು. ಮೆಲನೋಮಾಗೂ ಬೇಗ ಬೆಳೆಯುತ್ತಿರುವ ಸ್ಕ್ವೇಮಸ್‌ಗೂ ತೋಟ ಕಾಯಲಿ.

ನಮ್ಮ ಬಣ್ಣದ ಚರ್ಮದಲ್ಲಿ ಗಾಯದ ಗೆರೆ ಮೊದಲು ಕಪ್ಪಾಗುತ್ತದೆ, ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಎದೆ, ಭುಜ, ಕಿವಿಯ ಹಾಲೆಯಲ್ಲಿ ಕೆಲಾಯ್ಡ್ ಎಂಬ ಉಬ್ಬುಗಟ್ಟುವ ಕಲೆ ಬರಬಹುದು. ಕಿವಿ ಚುಚ್ಚಿದ ಜಾಗ ಹಾಗೆ ಉಬ್ಬಿದ ಚರಿತ್ರೆ ಇದ್ದರೆ ಮೊದಲೇ ಹೇಳಿ. ಸುತ್ತಲಿನ ಜೋಮು ಕೆಲವು ತಿಂಗಳು ಇರುತ್ತದೆ.

ವರದಿ ಮತ್ತು ಮತ್ತೆ ಹೋಗುವುದು

ಕೊನೆಯ ವರದಿಯಲ್ಲಿ ಹುಡುಕಬೇಕಾದದ್ದು ಅಂಚಿನ ಸಾಲು. ಅಂಚು ಚೊಕ್ಕವಿದೆ, ಹತ್ತಿರವಿದೆ, ರೋಗವಿದೆ ಎಂಬ ಮೂರರಲ್ಲಿ ಯಾವುದೆಂದು ಬೆರಳಿಟ್ಟು ತೋರಿಸಲು ವೈದ್ಯರನ್ನು ಕೇಳಿ. ನರದ ಸುತ್ತ ಹರಿದಿದೆ ಎಂಬ ಮಾತಿದ್ದರೆ ಮುಂದಿನ ಚಿಕಿತ್ಸೆಯ ಮಾತಾಡಬೇಕು. ಸ್ಕ್ವೇಮಸ್ ಆದವರು ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಬೇಸಲ್ ಸೆಲ್ ಆದವರು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ತೋರಿಸಬೇಕು. ಬಟ್ಟೆ ಬಿಚ್ಚಿ ಮೈಯೆಲ್ಲ, ಅಂಗಾಲು, ಉಗುರು, ನೆತ್ತಿ ನೋಡಿಸಿಕೊಳ್ಳಬೇಕು. ಒಮ್ಮೆ ಬಂದವರಿಗೆ ಬೇರೆ ಜಾಗದಲ್ಲಿ ಹೊಸದು ಬರುವ ಸಾಧ್ಯತೆ ಹೆಚ್ಚು.

ದೊಡ್ಡಪ್ಪನ ಅಂಚು ಚೊಕ್ಕವೆಂದು ವರದಿ ಬಂತು. ಕೆನ್ನೆಯ ಗೆರೆ ನಗುವಿನ ಮಡಿಕೆಯಲ್ಲಿ ಅಡಗಿದೆ, ಮೂಗಿನ ಹೊಳ್ಳೆ ತುಸು ದಪ್ಪ. ಆರು ತಿಂಗಳ ಭೇಟಿಯಲ್ಲಿ ವೈದ್ಯರು ಬಿಸಿಲಿಗೆ ಟೊಪ್ಪಿ ಹಾಕಿ ಎಂದಾಗ, ಐವತ್ತು ವರ್ಷದಿಂದ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿಯೇ ತೋಟಕ್ಕೆ ಹೋಗುವುದೆಂದು ಹೆಮ್ಮೆಯಿಂದ ಹೇಳಿದರು. ಮುಟ್ಟಾಳೆಗೆ ಅಂಚು ಇಲ್ಲವಲ್ಲ, ನೆತ್ತಿಗೆ ನೆರಳು, ಮೂಗು ಕಿವಿಗೆ ಬಿಸಿಲು ಎಂದರು ಅವರು. ಮನೆಗೆ ಬಂದವರೇ ದೊಡ್ಡಪ್ಪ ಒಂದು ಅಗಲ ಹಾಳೆ ನೆನೆಹಾಕಿದರು. ಸುತ್ತ ನಾಲ್ಕು ಬೆರಳು ಅಂಚು ಬಿಟ್ಟು ಹೊಲಿದ ಆ ಟೊಪ್ಪಿಯನ್ನು ಈಗ ನೆರೆಯ ಇಬ್ಬರು ತಮಗೂ ಮಾಡಿಕೊಡಲು ಕೇಳಿದ್ದಾರೆ.